ಏನೂ ಆಗಲಿಲ್ಲ

ನಾನು ಸುಳ್ಳು ಆಣೆ ಇಟ್ಟದ್ದು 1996ರ ಮಳೆಗಾಲದಲ್ಲಿ, ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಜಗಲಿಯಲ್ಲಿ. ದೀಪ ಹಚ್ಚಿಟ್ಟಿತ್ತು. ಸೋದರಮಾವ, ಊರಿನ ಇಬ್ಬರು ಹಿರಿಯರು ಕೂತಿದ್ದರು. ಅಮ್ಮ ಸಾಯುವ ಮೊದಲು ತನ್ನ ಐದು ಪವನಿನ ಅವಲಕ್ಕಿ ಸರವನ್ನು ನನ್ನ ಕೈಲಿಟ್ಟು, "ಇದು ಅಕ್ಕನಿಗೆ" ಅಂದಿದ್ದಳು. ನಾನು ಅದನ್ನು ಮಾರಿ ಬೆಂಗಳೂರಿನ ಸೈಟಿಗೆ ಕಂತು ಕಟ್ಟಿದ್ದೆ. ಅಕ್ಕ ಕೇಳಿದಾಗ, "ಯಾವ ಸರ? ನಂಗೆ ಗೊತ್ತೇ ಇಲ್ಲ" ಅಂದೆ. ಮಾವ ಹೆಚ್ಚು ಕೆದಕಲಿಲ್ಲ. "ಮಂಜುನಾಥನ ಆಣೆ ಇಡ್ತೀಯೇನೋ?" ಅಂದರು, ಅಷ್ಟೆ.

ಈ ಮಾತಿನ ತೂಕ ನಮ್ಮ ಕಡೆಯವರಿಗೆ ಗೊತ್ತು. ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ. ಕೋರ್ಟಿನಲ್ಲಿ ಸಲೀಸಾಗಿ ಸುಳ್ಳು ಹೇಳಿ ಬಂದವನೂ ಧರ್ಮಸ್ಥಳದ ಹೆಸರೆತ್ತಿದರೆ ಉಗುಳು ನುಂಗುತ್ತಾನೆ. ನಾನು ನುಂಗಲಿಲ್ಲ. ದೀಪ ಮುಟ್ಟಿ ಹೇಳಿಯೇಬಿಟ್ಟೆ. ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕ ಒಂದು ಸಲ ನನ್ನ ಮುಖ ನೋಡಿ ಒಳಗೆ ಹೋದಳು. "ಹಾಗಾದರೆ ಮುಗೀತು" ಎಂದು ಮಾವ ಕೊಡೆ ಹುಡುಕಿಕೊಂಡು ಎದ್ದರು.

ಆ ಧೈರ್ಯ ನಾನು ಬಸವನಗುಡಿಯಿಂದ ತಂದದ್ದು. ನ್ಯಾಷನಲ್ ಕಾಲೇಜಿನಲ್ಲಿ ಓದುವಾಗ ಎಚ್. ನರಸಿಂಹಯ್ಯನವರ ಮಾತು ಕೇಳಿ ತಲೆ ತಿರುಗಿಸಿಕೊಂಡವನು ನಾನು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ಮನುಷ್ಯ ಅವರು. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಅನ್ನುತ್ತಿದ್ದರು. ದೇವರನ್ನು ಬಿಡುವುದು ನನಗೆ ಸುಲಭವಾಯಿತು. ಒಂದು ವಾರವೂ ಹಿಡಿಯಲಿಲ್ಲ. ಆದರೆ ಅದೇ ಮನುಷ್ಯ 1942ರ ಚಳವಳಿಯಲ್ಲಿ ಜೈಲಿಗೆ ಹೋದವರು, ಅಮೆರಿಕದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದೂ ಖಾದಿ ಪಂಚೆಯುಟ್ಟು ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲಿ ಬದುಕು ಕಳೆದವರು. ಆ ಕೋಣೆಯ ಮುಂದೆ ಎಷ್ಟು ಸಲ ಹಾದುಹೋಗಿದ್ದೆನೋ. ಅದರಿಂದ ನಾನೇನೂ ಕಲಿಯಲಿಲ್ಲ. ಅವರ ಹತ್ತಿರ ಸುಲಭದ್ದು ಯಾವುದೋ ಅದನ್ನಷ್ಟೇ ತಗೊಂಡೆ.

ಆಣೆ ಇಟ್ಟ ಮೇಲೆ ಏನಾಯಿತು? ಏನೂ ಆಗಲಿಲ್ಲ. ಸೈಟಿನ ಬೆಲೆ ಏರಿತು, ಬಡ್ತಿ ಸಿಕ್ಕಿತು, ಮಗಳಿಗೆ ಒಳ್ಳೆಯ ಕಾಲೇಜು ಸಿಕ್ಕಿತು. ಗೆಳೆಯರ ಕೂಟದಲ್ಲಿ ಇದನ್ನೇ ಇನ್ಯಾರದೋ ಕಥೆ ಮಾಡಿ ಹೇಳಿ ನಗಿಸುತ್ತಿದ್ದೆ: "ನಮ್ಮೂರಲ್ಲೊಬ್ಬ ಮಂಜುನಾಥನ ಮೇಲೇ ಸುಳ್ಳು ಆಣೆ ಇಟ್ಟ, ಇವತ್ತಿಗೂ ಗುಂಡುಕಲ್ಲಿನ ಹಾಗಿದ್ದಾನೆ!"

2005ರ ಜನವರಿಯಲ್ಲಿ ನರಸಿಂಹಯ್ಯನವರು ತೀರಿಕೊಂಡರು. ಒಂದು ಸಣ್ಣ ಸಂತಾಪ ಸಭೆಯಲ್ಲಿ ನನ್ನನ್ನೂ ಮಾತಾಡಿಸಿದರು. ದೇವರ ಭಯವಿಲ್ಲದೆಯೂ ಮನುಷ್ಯ ನೇರವಾಗಿ ಬದುಕಬಲ್ಲ ಎಂಬುದಕ್ಕೆ ಅವರೇ ಸಾಕ್ಷಿ ಎಂದೆ. ಚಪ್ಪಾಳೆ ಬಿತ್ತು. ಸಂತಾಪ ಸಭೆಯಲ್ಲಿ ಚಪ್ಪಾಳೆ ಹೊಡೆಯಬಾರದು, ಆದರೂ ಹೊಡೆದರು. ಕೆಳಗಿಳಿದಾಗ ಒಬ್ಬ ಹುಡುಗ ಬಂದು, "ದೇವರಿಲ್ಲ ಅಂದ್ಮೇಲೆ ತಪ್ಪು ಯಾಕೆ ಸಾರ್ ತಪ್ಪು?" ಎಂದು ಕೇಳಿದ. ಏನೋ ಹೇಳಿದೆ. ಮನೆಗೆ ಬಂದವನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ, ಮರುದಿನವೂ.

ನಿದ್ದೆ ಬಾರದವನು ಪುಸ್ತಕ ಹಿಡಿದೆ. ಒಳಗೆ ಕೊರೆಯುವ ಒಬ್ಬ ಸಾಕ್ಷಿ ಇದ್ದಾನೆ ಎಂದಾದರೆ, ಅವನನ್ನು ಅಲ್ಲಿ ಕೂರಿಸಿದವನೂ ಇರಬೇಕಲ್ಲ? ಕಾಂಟ್ 1788ರ ಗ್ರಂಥದಲ್ಲಿ ಸುತ್ತುಬಳಸಿ ಹತ್ತಿರದ ಜಾಗಕ್ಕೇ ಬರುತ್ತಾನೆ: ಒಳ್ಳೆಯತನಕ್ಕೆ ತಕ್ಕ ಸುಖ ಎಂದಾದರೂ ಕೂಡಿಬರಬೇಕಾದರೆ ದೇವರನ್ನು ನಂಬಿಯೇ ನಡೆಯಬೇಕು. ಸಾಬೀತು ಮಾಡಿದೆ ಎಂದು ಮಾತ್ರ ಅವನು ಹೇಳಿಕೊಳ್ಳಲಿಲ್ಲ. ನಮ್ಮಲ್ಲಿ ಈ ಜಗಳ ಇನ್ನೂ ಹಳೆಯದು. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದಲ್ಲಿ ಕರ್ಮದ ಫಲ ಕೊಡುವವನು ಈಶ್ವರ ಎಂದು ಬಾದರಾಯಣರ ಪಕ್ಷ. ಇಲ್ಲ, ಫಲ ಧರ್ಮದಿಂದಲೇ ಬರುತ್ತದೆ ಎಂದು ಜೈಮಿನಿಯ ಪಕ್ಷ. ಉದಯನ 'ನ್ಯಾಯಕುಸುಮಾಂಜಲಿ'ಯಲ್ಲಿ, ಪಾಪಪುಣ್ಯ ಜಡ, ಅದನ್ನು ನಡೆಸಲು ಚೇತನವೊಂದು ಬೇಕು ಎಂದು ಪಟ್ಟುಹಿಡಿಯುತ್ತಾನೆ. ಕೋರ್ಟು ಇದ್ದರೆ ಸಾಲದು, ಜಡ್ಜೂ ಬೇಕು ಎಂದ ಹಾಗೆ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಧರ್ಮಸ್ಥಳವೇ. ನಾಡೆಲ್ಲ ಆಣೆಗೆ ಹೆದರುವ ಆ ಶಿವಕ್ಷೇತ್ರದಲ್ಲಿ ಪೂಜೆ ಮಾಡುವವರು ಮಾಧ್ವರು, ಆಡಳಿತ ಜೈನ ಹೆಗ್ಗಡೆ ಮನೆತನದ್ದು. ಜೈನರ ದರ್ಶನದಲ್ಲಿ ಲೋಕ ಸೃಷ್ಟಿಸುವ ದೇವರಿಲ್ಲ, ದಂಡಿಸುವ ದೇವರೂ ಇಲ್ಲ. ಮಾಡಿದ್ದು ಮಾಡಿದವನಿಗೇ ಅಂಟುತ್ತದೆ. ಅಲ್ಲೇ ಗುಡ್ಡದ ಮೇಲೆ 39 ಅಡಿಯ ಬಾಹುಬಲಿ, ಅಣ್ಣನನ್ನು ಸೋಲಿಸಿದ ಗಳಿಗೆಯಲ್ಲೇ ರಾಜ್ಯ ಬಿಟ್ಟು ನಡೆದವನು. ಯಾರೂ ಅವನ ಕೈಲಿ ಆಣೆ ಇಡಿಸಿರಲಿಲ್ಲ.

ನೀತಿಯಿಂದ ದೇವರು ಸಿದ್ಧನಾಗುತ್ತಾನೋ ಇಲ್ಲವೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಆದರೆ ಆ ಓದಿನ ನಡುವೆ ನನ್ನ ಕಳ್ಳಾಟ ಒಂದು ಸಿಕ್ಕಿಬಿತ್ತು. ನೋಡುವವನು ಇದ್ದಾನೋ ಇಲ್ಲವೋ ಎಂದು ಒಂಬತ್ತು ವರ್ಷ ಮೇಲೆ ನೋಡುತ್ತ ಕೂತಿದ್ದೆ. ಅವತ್ತು ಬಾಗಿಲಲ್ಲಿ ನಿಂತು ನೋಡಿದವಳು ಅಕ್ಕ. ಜೈಮಿನಿ ಗೆದ್ದರೂ ಉದಯನ ಗೆದ್ದರೂ ಆ ಐದು ಪವನು ಅವಳದೇ.

ಅದೇ ಅವಲಕ್ಕಿ ಸರದ ಮಾದರಿಯಲ್ಲಿ ಹೊಸದು ಮಾಡಿಸಿಕೊಂಡು ಊರಿಗೆ ಹೋದೆ. ಮಾವ ಆಗ ಇರಲಿಲ್ಲ, ತೀರಿಕೊಂಡು ಎರಡು ವರ್ಷವಾಗಿತ್ತು. ಅಕ್ಕ ಸರವನ್ನು ಬೆಳಕಿಗೆ ಹಿಡಿದು, "ಇದು ಅಮ್ಮಂದಲ್ಲ" ಅಂದಳು. ಇಲ್ಲ, ಅದನ್ನು ಮಾರಿಬಿಟ್ಟಿದ್ದೆ ಅಂದೆ. "ಗೊತ್ತಿತ್ತು ಮಾರಾಯ" ಎಂದು ದೇವರಕೋಣೆಗೆ ಹೋಗಿ, ಅರಿಶಿನ ಬಟ್ಟೆಯ ಪುಟ್ಟ ಗಂಟೊಂದನ್ನು ತಂದಳು. ಬಣ್ಣ ಮಾಸಿತ್ತು. ನಾನು ಆಣೆ ಇಟ್ಟ ರಾತ್ರಿಯೇ ಕಟ್ಟಿದ ಮುಡಿಪು.

"ಸುಳ್ಳು ಆಣೆ ಇಟ್ಟಿದೀಯ ಅಂತ ನಿನ್ನ ಮುಖ ನೋಡಿದಾಗ್ಲೇ ಗೊತ್ತಾಯ್ತು. ನಿಂಗೇನೂ ಆಗಬಾರ್ದು ಅಂತ ಹೇಳ್ಕೊಂಡೆ. ಆಗ್ಲಿಲ್ಲ ನೋಡು."

ಅದನ್ನು ಒಪ್ಪಿಸಲು ಇಬ್ಬರೂ ಧರ್ಮಸ್ಥಳಕ್ಕೆ ಹೋದೆವು. ಘಾಟಿ ಇಳಿಯುವಾಗ ಅವಳು ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿಕೊಂಡಿದ್ದಳು. ಹುಂಡಿಯ ಮುಂದೆ ಗಂಟನ್ನು ನನ್ನ ಕೈಗಿಟ್ಟಳು. ನಾನು ನಂಬುವವನಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತು. "ಹಾಕು" ಅಂದಳು. ಹಿಂದಿನಿಂದ ಸಾಲು ನೂಕುತ್ತಿತ್ತು. ಹಾಕಿದೆ.