ತಿಕ್ಕಿದಾಕಿಗೆ ಗೊತ್ತು ಹಿತ್ತಾಳಿ ಕಿಮ್ಮತ್ತು

ಕೆಲವರಿಗೆ ಸೀರಿ ಹುಚ್ಚು, ಕೆಲವರಿಗೆ ಬಂಗಾರದ ಹುಚ್ಚು. ನನಗ ಮೋಡಕಾದ ಹುಚ್ಚು ನೋಡ್ರಿ. ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಮೋಡಕಾ ಅಂತೀವಿ, ಬೆಂಗಳೂರಾಗ ಗುಜರಿ ಅಂತಾರ. ಅದೇ ಸಾಮಾನಾ ತಿಕ್ಕಿ ಬೆಳಗಿ ಗಾಜಿನ ಕಪಾಟಿನ್ಯಾಗ ಇಟ್ರ 'ವಿಂಟೇಜ್' ಆಗ್ತದ. ಹೆಸರು ಬದಲಾದಂಗ ರೊಕ್ಕಾನೂ ಏರ್ತದ. ಹಿಂಗಾಗಿ ನಾ ಗಾಜಿನ ಕಪಾಟಿನ ತನಕ ಹೋಗಂಗಿಲ್ಲ, ಗುಜರಿ ಇದ್ದಾಗನ ಹಿಡೀತೀನಿ.

ಚಿಕ್ಕಪೇಟೆಗೆ ಎಲ್ಲಾರೂ ಸೀರಿ ತಗೋಳಿಕ್ಕೆ ಹೋಗ್ತಾರ. ಅಲ್ಲೇ ಬಿವಿಕೆ ಅಯ್ಯಂಗಾರ್ ರಸ್ತೆದಾಗ, ರವಿವಾರ ಮುಂಜಾನೆ ಅಂಗಡಿ ಬಾಗಲಾ ಹಾಕಿರೂ ಹೊತ್ನ್ಯಾಗ, ಫುಟ್‌ಪಾತಿನ ಮ್ಯಾಲೆ ಸಂಡೇ ಬಜಾರ್ ನೆರೀತದ. ನೆಲಕ್ಕ ಹಾಸಿದ ಹಾಳಿ ಮ್ಯಾಲೆ ಕೆಟ್ಟ ರೇಡಿಯೋ, ಮಿಕ್ಸರಿನ ಮೋಟಾರು, ಕೀಲಿಕೈ ಇಲ್ಲದ ಕೀಲಿ, ಕೀಲಿ ಇಲ್ಲದ ಕೀಲಿಕೈ, ಅದರ ನಡುವ ಎಲ್ಲೋ ಒಂದು ಹಿತ್ತಾಳಿ ಗಿಂಡಿ. ನಾ ಚೀಲಾ ಹಿಡದು ಹೊಂಟ್ರ ನಮ್ಮನಿಯವರು ಹಾಸಿಗ್ಯಾಗಿಂದನ ಅಂತಾರ, "ಹೋಗು, ಮಂದಿ ಮನಿ ಕಸಾ ತಂದು ನಮ್ಮನಿ ತುಂಬ್ಸು."

ಕಸಾ ಆರಿಸ್ಲಿಕ್ಕೂ ಒಂದು ಶಾಸ್ತ್ರ ಅದರೀ. ನನ್ನ ಪರ್ಸಿನ್ಯಾಗ ಯಾವಾಗ್ಲೂ ಸಣ್ಣದೊಂದು ಮ್ಯಾಗ್ನೆಟ್ ಇರ್ತದ. ಹಿತ್ತಾಳಿ ಅಂದ್ರ ತಾಮ್ರ, ಸತುವು ಕೂಡಿಸಿದ್ದು. ಕಂಚು ಅಂದ್ರ ತಾಮ್ರ, ತವರ ಕೂಡಿಸಿದ್ದು. ಎರಡಕ್ಕೂ ಮ್ಯಾಗ್ನೆಟ್ ಅಂಟಂಗಿಲ್ಲ. ಟಕ್ ಅಂತ ಅಂಟಿತು ಅಂದ್ರ ಒಳಗ ಕಬ್ಬಿಣ, ಮ್ಯಾಲೆ ಬರೇ ಹಿತ್ತಾಳಿ ಬಣ್ಣ. ಕಂಚಿನ ಬಟ್ಟಲಾ ಬೆರಳ ತುದಿ ಮ್ಯಾಲೆ ಇಟ್ಟು ತಟ್ಟಿದ್ರ ಗಂಟಿ ಬಾರಿಸಿದಂಗ ಭಾಳ ಹೊತ್ತು ನಾದ ಇರ್ತದ. ಸೀಳು ಬಿಟ್ಟಿದ್ರ ಬೊದ್ ಅಂತದ.

ವರ್ಷಾ ನೋಡಿ ಮರಳಾಗಬಾರದು. ಮಂಗಳೂರು ಹಂಚಿನ ಮ್ಯಾಲೆ 'ಬಾಸೆಲ್ ಮಿಶನ್ 1865' ಅಂತ ಇದ್ರ, ಅದು ಕಾರಖಾನಿ ಸುರು ಆದ ವರ್ಷ, ಆ ಹಂಚು ಸುಟ್ಟ ವರ್ಷ ಅಲ್ಲ. ಸೇರು, ಪಾವಿನ ಅಳತಿನೂ ಹಂಗ. ಮೆಟ್ರಿಕ್ ಅಳತಿಯ ಕಾಯಿದೆ ಬಂದದ್ದು 1956ರಾಗ, ಹಿಂಗಾಗಿ ಇದು ಅದಕ್ಕಿಂತ ಹಳೇದು ಅಂತ ಮಾರಾಂವ ಹೇಳ್ತಾನ. ಆದ್ರ ನಮ್ಮ ಸಂತ್ಯಾಗ ಚುರಮರಿ ಇವತ್ತಿಗೂ ಸೇರಿನ್ಯಾಗ ಅಳೀತಾರಲ್ಲ! ಇನ್ನ ಹಳೇ ದೇವರ ಮೂರ್ತಿಗೆ ನಾ ಕೈನ ಹಚ್ಚಂಗಿಲ್ಲ. ನೂರು ವರ್ಷ ದಾಟಿದ ಮೂರ್ತಿ 1972ರ ಕಾಯಿದೆ ಪ್ರಕಾರ ಪುರಾವಸ್ತು, ಮಾರಾಂವನ ಕಡೆ ಲೈಸನ್ಸ್ ಬೇಕು. ಅದೂ ಅಲ್ಲದ, ಯಾವ ಗುಡಿಯಿಂದ ಎದ್ದು ಬಂದ ದೇವರೋ ಏನೋ.

ಇಷ್ಟೆಲ್ಲಾ ನೋಡೋದು ಆಮ್ಯಾಲೆ. ಮೊದಲ ನಾ ಹುಡುಕೋದು ಭಾಂಡೆದ ಮ್ಯಾಲಿನ ಹೆಸರು. ಲಗ್ನಕ್ಕ ಕೊಟ್ಟ ಭಾಂಡೆದ ಮ್ಯಾಲೆ ಚುಕ್ಕಿ ಚುಕ್ಕಿ ಅಕ್ಷರದಾಗ ಹೆಸರು ಕೊರಸ್ತಿದ್ರಲ್ಲ, ಅದು. ಹೋದ ವರ್ಷ ಒಂದು ತಂಬಗಿ ಸಿಕ್ತು. ಕಂಠದ ಕೆಳಗ 'ಚಿ. ಸೌ.' ಅಂತ ನೆಟ್ಟಗ ಓದ್ಲಿಕ್ಕೆ ಬರ್ತದ, ಮುಂದಿನ ಹೆಸರಿನ್ಯಾಗ ಎರಡಕ್ಷರ ಅಷ್ಟ ಉಳದಾವ. ವಿಡಿಯೋ ಕಾಲ್ ಮಾಡಿ ಅವ್ವಗ ತೋರಿಸಿದೆ. ಎಷ್ಟು ಹಳೇದಿರಬೇಕು, ಎಷ್ಟಕ್ಕ ತಗೊಂಡಿ ಅಂತ ಕೇಳ್ತಾಳೇನೋ ಅಂತ ಕಾದ್ರ, ಅವ್ವ ಅಂದ್ಳು, "ಹೆಸರು ಸವಿಯೂ ತನಕ ತಿಕ್ಯಾಳಲ್ಲ, ಪಾಪ."

ಆ ಮಾತು ಮತ್ತ ನೆನಪಾದದ್ದು ಈ ವರ್ಷ, ಧಾರವಾಡದ ಮನಿ ಖಾಲಿ ಮಾಡೂ ಮುಂದ. ಅಪ್ಪ ಹೋದ ಮ್ಯಾಲೆ ಅವ್ವ ಒಬ್ಬಾಕಿನ ಇದ್ಳು. ಈಗ ಅಣ್ಣನ ಜೋಡಿ ಪುಣೆಕ್ಕ ಹೊಂಟಾಳ. ಅಟ್ಟದ ಮ್ಯಾಲಿಂದ ಇಳಿಸಿದ್ರ ಒಟ್ಟು ಇಪ್ಪತ್ಮೂರು ಭಾಂಡೆ: ನೀರು ಕಾಸೂ ಹಂಡೆ, ಕೊಡಾ, ಬೋಗಾಣಿ, ಪರಾತ, ಕಂಚಿನ ಗಂಗಾಳ. ಅಣ್ಣ ಮೋಡಕಾದಂವನ್ನ ಕರಸ್ಯಾನ, ಅವನ ತಕ್ಕಡಿ ಅಂಗಳದಾಗ ನಿಂತದ. ನನಗ ಎದಿ ಧಸಕ್ ಅಂತು. ಮಂದಿ ಮನಿ ತಂಬಗಿ ಹುಡುಕ್ಕೊಂಡು ತಿರಗಾಕಿ ನಾ, ನಮ್ಮನೀವು ತೂಕಕ್ಕ ಹೋಗಬೇಕೇನು?

"ಎಲ್ಲಾ ನನಗ ಇರ್ಲಿ," ಅಂದೆ.

"ಒಯ್ದು ಏನ್ ಮಾಡ್ತಿ?" ಅವ್ವ ಕೇಳಿದ್ಳು.

"ಹಾಲ್‌ನ್ಯಾಗ ಇಡ್ತೀನಿ."

"ಹಂಡೇದಾಗ ನೀರು ಕಾಸ್ತೀಯೇನು?"

"ಇಲ್ಲವ್ವಾ, ಗಿಡಾ ಹಚ್ತೀನಿ."

ಅವ್ವ ನಕ್ಕಳು. ಆಮ್ಯಾಲೆ ಎರಡೂ ಅಂಗೈ ಮುಂದ ಹಿಡದ್ಳು.

"ನಾ ಈ ಮನಿಗೆ ಬಂದಾಗ ಹದಿನಾಲ್ಕು ಮಂದಿ ಉಣ್ಣಾವ್ರು. ದಿನಾ ಬೂದಿ, ಹುಣಸಿಹಣ್ಣು ಹಚ್ಚಿ ಇವನ್ನೆಲ್ಲಾ ತಿಕ್ಕಬೇಕು. ಥಂಡ್ಯಾಗ ಬೆರಳ ಸಂದಿ ಒಡದಿರ್ತಿದ್ವು, ಹುಣಸಿ ಹುಳಿ ಹತ್ತಿದ್ರ ಕಣ್ಣಾಗ ನೀರು. ಕಲಾಯಿ ಹೋತಂದ್ರ ಹುಳಿಗೆ ಕಿಲುಬು ಏರ್ತಿತ್ತು, ಕಲಾಯಿಯಂವ ಓಣಿಗೆ ಬರೂ ತನಕ ಕಾಯಬೇಕು. ಸ್ಟೀಲ್ ಬಂತಲ್ಲ, ಎರಡು ಹಿತ್ತಾಳಿ ಕೊಡಾ ಹಾಕಿ ಸ್ಟೀಲಿನ ಭಾಂಡೆ ತಗೊಂಡೆ. ನಿಮ್ಮಜ್ಜಿ ಎರಡು ದಿನ ನನ್ನ ಜೋಡಿ ಮಾತಾಡ್ಲಿಲ್ಲ. ನನಗೇನೂ ಬ್ಯಾಸರಾಗ್ಲಿಲ್ಲ. ಈ ಮನ್ಯಾಗ ಸಂಜೀಮುಂದ ಕೂತು ನಾ ಪುಸ್ತಕ ಓದಿದ್ದು ಆವತ್ತಿಂದ."

ಒಂದೊಂದ ಭಾಂಡೆ ಎತ್ತಿ ತೋರಿಸಿದ್ಳು. "ಇದರ ಮ್ಯಾಲೆ ನಿಮ್ಮಜ್ಜನ ಹೆಸರದ. ಇದರ ಮ್ಯಾಲೆ ನಿಮ್ಮಪ್ಪಂದು. ತಿಕ್ಕಿದಾಕಿ ನಾ."

ಮೋಡಕಾದಂವ ಬಾಯಿ ಹಾಕಿದ, "ಹೆಸರಿದ್ರೇನು ಬಿಟ್ರೇನ್ರಿ ಅಮ್ಮಾರ, ಕರಗಿದ ಮ್ಯಾಲೆ ಎಲ್ಲಾ ಒಂದ." ಅಂವ ತಕ್ಕಡಿಗೆ ಹಾಕ್ಕೋತ ಹೋದ. ಕಡೀಕ ಒಂದು ಸಣ್ಣ ತಂಬಗಿ ಕೈಯಾಗ ತಗೊಂಡಾಗ ಅವ್ವ ಲಗೂನ ಎದ್ದು ಹೋಗಿ ಕಸಗೊಂಡ್ಳು. "ಇದೊಂದು ಬ್ಯಾಡ."

ನಾ ಬಗ್ಗಿ ಓದಿದೆ. ಅವ್ವನ ತವರಮನಿ ಹೆಸರು. ನಮ್ಮ ಕಡೆ ಲಗ್ನದಾಗ ಮದಿಮಗಳ ಹೆಸರು ಬದಲಾಸೂ ಪದ್ಧತಿ ಇತ್ತಲ್ಲ, ಅಕ್ಕಿ ಮ್ಯಾಲೆ ಹೊಸಾ ಹೆಸರು ಬರೀತಿದ್ರು. ತವರಿನ ಹೆಸರು ಹಿಡದು ಅವ್ವನ್ನ ಕರ್ಯಾವ್ರು ಈಗ ಯಾರೂ ಉಳದಿಲ್ಲ. ತಂಬಗಿ ಮ್ಯಾಲೆ ಮಾತ್ರ ಅದ, ಒಂದು ಚುಕ್ಕಿನೂ ಸವದಿಲ್ಲ. ಅವ್ವ ಅದನ್ನ ಯಾವತ್ತೂ ಬಳಸೇ ಇಲ್ಲಂತ. ನನಗ ಕೊಡ್ತಾಳ ಅಂತ ತಿಳಕೊಂಡಿದ್ದೆ. ಕೊಡ್ಲಿಲ್ಲ. ಸೀರಿಯೊಳಗ ಸುತ್ತಿ ತನ್ನ ಟ್ರಂಕಿನ್ಯಾಗ ಇಟ್ಕೊಂಡ್ಳು.

ನಾ ತಂದದ್ದು ಎರಡ. ಒಂದು ಕಂಚಿನ ಗಂಗಾಳ, ಅದರಾಗ ದಿನಾ ಊಟಾ ಮಾಡ್ತೀನಿ. ಇನ್ನೊಂದು ಪರಾತ, ಚಪಾತಿ ಹಿಟ್ಟು ನಾದ್ಲಿಕ್ಕೆ. ಉಳದದ್ದು ತೂಕಕ್ಕ ಹೋತು. ಆ ರೊಕ್ಕದಾಗ ಅವ್ವ ಪುಣೆದಾಗ ಒಂದು ಆರಾಮ ಕುರ್ಚಿ, ಓದೂ ದೀಪ ತಗೊಂಡಾಳ. ಫೋಟೋ ಕಳಿಸಿದ್ಳು, ದೀಪದ ಬಾಜು ಅದೇ ತಂಬಗಿ.

ಸಂಡೇ ಬಜಾರಿಗೆ ನಾ ಈಗೂ ಹೋಗ್ತೀನ್ರಿ, ಮ್ಯಾಗ್ನೆಟ್ಟೂ ಇರ್ತದ. ಆದ್ರ ಚೌಕಾಸಿಗಿಂತ ಮೊದಲ ಒಂದು ಪ್ರಶ್ನಿ: ಇದನ್ನ ತಿಕ್ಕಾವ್ರು ಯಾರು? ಕೆಲಸದಾಕಿ ಅಂತ ಉತ್ತರ ಬಂದ್ರ ತಗೊಳ್ಳಂಗಿಲ್ಲ. ನಿಮ್ಮ ಅಟ್ಟದ ಮ್ಯಾಲೂ ಭಾಂಡೆ ಇದ್ರ, ಮೋಡಕಾದಂವನ್ನ ಕರಿಯೂ ಮೊದಲ ಹೆಸರು ಓದ್ರಿ. ಮನ್ಯಾಗಿನ ಹಿರೇ ಹೆಣ್ಮಗಳಿಗೆ ಯಾವ್ದು ಇಡೋದು, ಯಾವ್ದು ಬಿಡೋದು ಅಂತ ಕೇಳ್ರಿ.

'ಚಿ. ಸೌ.' ತಂಬಗಿ ನಮ್ಮ ದೇವರ ಮನ್ಯಾಗ ಅದ. ಶುಕ್ರವಾರಕ್ಕೊಮ್ಮೆ ನಾನ ತಿಕ್ತೀನಿ. ಅಕ್ಷರ ಇದ್ದಲ್ಲೆ ಬರೇ ಅರಬಿಲೆ ಒರಸಿ ಬಿಡ್ತೀನಿ, ಆಕಿ ಹೆಸರಿನ್ಯಾಗ ಉಳದ ಎರಡಕ್ಷರ ಆದ್ರೂ ಉಳೀಲಿ ಅಂತ.