ತಲುಪದ ಮಾತು

ಎರಡು ವರ್ಷಗಳ ಹಿಂದೆ ನಮ್ಮ ತಂದೆಯವರನ್ನು ಪಿತ್ತಕೋಶದ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಹನ್ನೊಂದು ದಿನ ಅವರ ಮಂಚದ ಪಕ್ಕದಲ್ಲಿಯೇ ನಮ್ಮ ವಾಸ. ಆಗ ಕಲಿತ ಸಂಗತಿಯೊಂದನ್ನು ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳಬೇಕೆನಿಸಿದೆ.

ಮೂರನೆಯ ದಿನ ಬೆಳಿಗ್ಗೆ 10 ಗಂಟೆಗೆ ಶಸ್ತ್ರಚಿಕಿತ್ಸೆ ಎಂದು ಗೊತ್ತುಪಡಿಸಿದ್ದರು. ತಂದೆಯವರು ಮಧ್ಯರಾತ್ರಿಯಿಂದ ಹನಿ ನೀರನ್ನೂ ಮುಟ್ಟಿರಲಿಲ್ಲ. ಅವರು ಮಧುಮೇಹಿಗಳು, ರಾತ್ರಿಯ ಇನ್ಸುಲಿನ್ ಎಂದಿನಂತೆ ಆಗಿತ್ತು. ಹತ್ತಾಯಿತು, ಹನ್ನೊಂದಾಯಿತು, ಕರೆ ಬರಲಿಲ್ಲ. ಮಧ್ಯಾಹ್ನ ಊಟದ ಗಾಡಿ ಬಂದಿತು. ಮಂಚಕ್ಕೆ ಕಟ್ಟಿದ್ದ ಉಪವಾಸದ ಚೀಟಿಯನ್ನು ಕಂಡು ಮುಂದೆ ಸಾಗಿತು. ಒಂದು ಗಂಟೆಯ ಹೊತ್ತಿಗೆ ತಂದೆಯವರ ಮೈ ಬೆವರಿ ಕೈ ನಡುಗತೊಡಗಿತು. ಪರೀಕ್ಷಿಸಿದಾಗ ರಕ್ತದ ಸಕ್ಕರೆ 54! ಎಪ್ಪತ್ತಕ್ಕಿಂತ ಕಡಿಮೆಯಾದರೇ ಅಪಾಯದ ಸೂಚನೆ. ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟ ಮೇಲೆ ಚೇತರಿಸಿಕೊಂಡರು.

ನಡೆದದ್ದಿಷ್ಟು. ಅಪಘಾತದ ರೋಗಿಯೊಬ್ಬರು ಬಂದುದರಿಂದ ನಮ್ಮ ಸರದಿ ಮರುದಿನಕ್ಕೆ ಹೋಗಿತ್ತು. ಶಸ್ತ್ರಚಿಕಿತ್ಸಾ ಕೊಠಡಿಯವರಿಗೆ ಅದು ಗೊತ್ತಿತ್ತು, ವಾರ್ಡಿಗೆ ತಿಳಿದಿರಲಿಲ್ಲ. ನಾವು ಸಿಟ್ಟಿನಿಂದ ವಾರ್ಡಿನ ಸಿಸ್ಟರ್ ಅವರನ್ನು ಆಕ್ಷೇಪಿಸಿದೆವು. ಅವರು ಮೇಜಿನ ಮೇಲಿದ್ದ ಚೀಟಿಯೊಂದನ್ನು ತೋರಿಸಿದರು. 10-30, 11-15, 12-00 ಎಂದು ಬರೆದಿತ್ತು.

"ಅಣ್ಣಾರ, ಮೂರು ಸಲ ಫೋನ್ ಮಾಡೀನ್ರಿ. 'ಹೇಳತೀವಿ' ಅಂದ್ರು. ಆಪರೇಷನ್ ಮುಂದಕ್ಕ ಹೋತಂತ ನನಗೂ ಈಗ ಗೊತ್ತಾತ್ರಿ."

ನಮ್ಮ ಸಿಟ್ಟು ನಾಚಿಕೆಯಾಯಿತು. ಅಂದಿನಿಂದ ಅವರ ದಿನಚರಿಯನ್ನು ಗಮನವಿಟ್ಟು ನೋಡತೊಡಗಿದೆವು. ಮೂವತ್ತು ರೋಗಿಗಳಿಗೆ ಇಬ್ಬರು ಶುಶ್ರೂಷಕಿಯರು. ಬೆಳಿಗ್ಗೆ ಎಂಟಕ್ಕೆ ಬಂದೊಡನೆ ಅವರಿಗೆ ತಿಳಿಯಬೇಕಾದುದೆಷ್ಟು! ಯಾರು ಶಸ್ತ್ರಚಿಕಿತ್ಸೆಗೆ ಹೋಗುವವರು, ಯಾರು ಮನೆಗೆ ಹೋಗುವವರು? ಯಾವ ಮಂಚ ಎಷ್ಟು ಹೊತ್ತಿಗೆ ತೆರವಾದೀತು? ಯಾರ ರಕ್ತಪರೀಕ್ಷೆಯ ವರದಿ ಬರಬೇಕು? ಯಾವ ಔಷಧಿ ಮುಗಿದಿದೆ? ಇಂದು ರಜೆಯ ಮೇಲಿರುವ ಸಹೋದ್ಯೋಗಿ ಯಾರು? ಇವುಗಳಲ್ಲಿ ಒಂದು ವೈದ್ಯರ ಮನಸ್ಸಿನಲ್ಲಿ, ಒಂದು ಪ್ರಯೋಗಶಾಲೆಯಲ್ಲಿ, ಇನ್ನೊಂದು ರಾತ್ರಿ ಪಾಳಿ ಮುಗಿಸಿ ಮನೆಗೆ ಹೋದವರ ನೆನಪಿನಲ್ಲಿ. ರೋಗಿಯ ಬಳಿ ಕಳೆಯಬೇಕಾದ ವೇಳೆ ಈ ಹುಡುಕಾಟಕ್ಕೇ ವ್ಯಯವಾಗುತ್ತಿತ್ತು. ದಿನಕ್ಕೆ ಮೂರು ಬಾರಿ ಪಾಳಿ ಬದಲಾಗುವಾಗ ಮಾತು ಜಾರಿಹೋಗುವ ಭಯ ಬೇರೆ.

ಈ ಚಿಂತೆ ಹೊಸದಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಪ್ರಕಟಿಸಿದ ಶುಶ್ರೂಷೆಯ ಗ್ರಂಥದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ತಾನಿಲ್ಲದಾಗಲೂ ಕೆಲಸ ನಡೆಯುವಂತೆ ಏರ್ಪಾಡು ಮಾಡದಿದ್ದರೆ ಎಷ್ಟೇ ಶ್ರದ್ಧೆಯ ಸೇವೆಯೂ ಕೆಡುವುದೆಂಬುದು ಅದರ ತಾತ್ಪರ್ಯ. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಸೂಚಿಸಿದ ರೋಗಿ ಸುರಕ್ಷತೆಯ ಪರಿಹಾರಗಳಲ್ಲಿಯೂ ಪಾಳಿ ಒಪ್ಪಿಸುವಾಗಿನ ಸಂವಹನ ಸೇರಿದೆ. ಈಗಿನ ಸ್ಥಿತಿ, ಹಿನ್ನೆಲೆ, ಅಂದಾಜು, ಮುಂದೆ ಮಾಡಬೇಕಾದುದು ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ವಿಷಯ ತಿಳಿಸುವ ಕ್ರಮವನ್ನು ಆಸ್ಪತ್ರೆಗಳು ಅಮೆರಿಕದ ಜಲಾಂತರ್ಗಾಮಿ ನೌಕಾಪಡೆಯಿಂದ ಪಡೆದುಕೊಂಡಿವೆ. ಇಂದು ಅನೇಕ ಕಡೆ ಗಣಕಯಂತ್ರಗಳೂ ಇವೆ. ಆದರೆ ಯಾರಾದರೂ ತುಂಬಿದರಲ್ಲವೆ ಅದು ಹೇಳುವುದು?

ಮನೆಯವರಾದ ನಮ್ಮ ಪಾಲಿನ ಕರ್ತವ್ಯವೂ ಇದೆ. ಸೇವಿಸುತ್ತಿರುವ ಔಷಧಿಗಳು, ಒಗ್ಗದ ಔಷಧಿ, ಇನ್ಸುಲಿನ್ ಕೊಟ್ಟ ವೇಳೆ, ಇವನ್ನು ಕಾಗದದಲ್ಲಿ ಬರೆದು ಕೊಡೋಣ. ಮನೆಯ ಪರವಾಗಿ ಒಬ್ಬರೇ ಮಾತನಾಡೋಣ. ಉಪವಾಸವೆಂದರೆ "ಎಷ್ಟು ಹೊತ್ತಿನವರೆಗೆ?" ಎಂದು ವಿನಯದಿಂದ ಕೇಳೋಣ, ಹೊತ್ತು ಮೀರಿದರೆ ಮತ್ತೆ ನೆನಪಿಸೋಣ. ಕನಿಕರದಿಂದ ಗುಟ್ಟಾಗಿ ಎರಡು ತುತ್ತು ತಿನ್ನಿಸುವುದು ಮಾತ್ರ ಸಲ್ಲದು. ಅರಿವಳಿಕೆ ಕೊಟ್ಟಾಗ ಆ ಅನ್ನ ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಮುಳುವಾದೀತು.

ಮರುದಿನ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನೆರವೇರಿತು. ಮನೆಗೆ ಹೊರಟ ದಿನ ಸಿಸ್ಟರ್ ಅವರ ಮೇಜಿನ ಹಿಂದೆ ಒಂದು ಹಲಗೆ ತೂಗುತ್ತಿತ್ತು. ಉಪವಾಸದಲ್ಲಿರುವವರ ಮಂಚದ ಸಂಖ್ಯೆ, ಆರಂಭದ ವೇಳೆ, ವಿಚಾರಿಸಬೇಕಾದ ವೇಳೆ ಎಂದು ಮೂರು ಸಾಲು.

ತಂದೆಯವರು ಅದನ್ನು ಓದಿ, "ಯವ್ವಾ, ನನ್ನ ಉಪಾಸ ದಂಡ ಆಗ್ಲಿಲ್ಲ ಬಿಡು" ಎಂದರು.

"ಇಲ್ರೀ ಅಜ್ಜಾರ" ಎಂದು ಆಕೆ ನಕ್ಕರು.

ಹೊತ್ತಿಗೆ ಸರಿಯಾಗಿ ತಲುಪಿದ ಒಂದು ಮಾತೂ ಔಷಧವೇ ಎಂಬುದನ್ನು ನಾವು ಅಂದು ಅರಿತೆವು.