ನೀಲಿ ಹರಳಿನೊಳಗಿನ ನೀರು

ಮಕ್ಕಳೇ, ಮಳೆಗಾಲದಲ್ಲಿ ಅಡಿಕೆ ಮರಕ್ಕೆ ಮದ್ದು ಬಿಡುವುದನ್ನು ನೀವು ನೋಡಿದ್ದೀರಲ್ಲ? ಆ ಮದ್ದಿಗೆ ಸುಣ್ಣದ ಜೊತೆ ಬೆರೆಸುವ ನೀಲಿ ಹರಳೇ ಮೈಲುತುತ್ತು. ಅದರಲ್ಲಿ ತಾಮ್ರವಿದೆ. ಅದು ವಿಷ, ದೊಡ್ಡವರಿಲ್ಲದಾಗ ಮುಟ್ಟಬೇಡಿ. ಆದರೆ ನೋಡಲು ಎಷ್ಟು ಚೆಂದ! ನಾನೊಮ್ಮೆ ನೂಲಿಗೆ ಕಟ್ಟಿ ಗಾಜಿನ ಲೋಟದಲ್ಲಿ ಬೆಳೆಸಿದ ಹರಳು ಹುಣಸೆ ಬೀಜದಷ್ಟು ದೊಡ್ಡದಾಗಿತ್ತು.

ಒಣ ಕಲ್ಲಿನಂತೆ ಕಾಣುವ ಈ ಹರಳಿನೊಳಗೆ ನೀರಿದೆ ಎಂದರೆ ನಂಬುತ್ತೀರಾ? 100 ಗ್ರಾಂ ಹರಳಿನಲ್ಲಿ ಸುಮಾರು 36 ಗ್ರಾಂ ನೀರೇ! ಚೆನ್ನಾಗಿ ಕಾಯಿಸಿದರೆ ನೀರೆಲ್ಲ ಆವಿಯಾಗಿ ಹೋಗಿ ಬಿಳಿ ಪುಡಿ ಉಳಿಯುತ್ತದೆ. ಅದಕ್ಕೆ ನಾಲ್ಕು ಹನಿ ನೀರು ಹಾಕಿದರೆ ಮತ್ತೆ ನೀಲಿ. ವಿಜ್ಞಾನಿಗಳು ತೂಗಿ ಲೆಕ್ಕ ಹಾಕಿದರು: ತಾಮ್ರದ ಒಂದು ಪರಮಾಣುವಿಗೆ ನೀರಿನ ಐದು ಅಣುಗಳು. ಆದರೆ ಆ ಐದೂ ಎಲ್ಲಿ ಕುಳಿತಿವೆ? ತಕ್ಕಡಿ ಅದನ್ನು ಹೇಳಲಾರದು. ಸೂಕ್ಷ್ಮದರ್ಶಕಕ್ಕೂ ಅವು ಕಾಣವು.

ರಾತ್ರಿ ಕಪ್ಪು ಕೊಡೆ ಬಿಡಿಸಿ, ಅದರ ಬಟ್ಟೆಯ ಮೂಲಕ ದೂರದ ದೀಪವೊಂದನ್ನು ನೋಡಿ. ದೀಪದ ಸುತ್ತ ಸಾಲುಸಾಲು ಬೆಳಕಿನ ಚುಕ್ಕೆಗಳು ಕಾಣುತ್ತವೆ. ಬಟ್ಟೆಯ ನೂಲುಗಳು ಒತ್ತಾಗಿ, ಕ್ರಮವಾಗಿ ಇರುವುದರಿಂದ ಬೆಳಕು ಹಾಗೆ ಹರಡುತ್ತದೆ. ಹರಳಿನಲ್ಲಿಯೂ ಪರಮಾಣುಗಳು ತೋಟದ ಮರಗಳಂತೆ ಸಾಲಾಗಿ ನಿಂತಿವೆ. ಅವುಗಳ ನಡುವಿನ ಎಡೆ ಬಹಳ ಕಿರಿದು. ಅಲ್ಲಿಗೆ ದೀಪದ ಬೆಳಕು ಸಾಲದು. ಕೈ ಮುರಿದಾಗ ಚಿತ್ರ ತೆಗೆಯುವ ಎಕ್ಸ್‌ರೇ ಕಿರಣವೇ ಬೇಕು. 1912ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮ್ಯಾಕ್ಸ್ ಫಾನ್ ಲಾವೆ ಎಂಬವರಿಗೆ ಈ ಯೋಚನೆ ಹೊಳೆಯಿತು. ಫ್ರೀಡ್ರಿಖ್ ಮತ್ತು ನಿಪ್ಪಿಂಗ್ ಪರೀಕ್ಷಿಸಿ ನೋಡಿದರು. ಅವರು ಮೊದಲು ಇಟ್ಟ ಹರಳು ಯಾವುದು ಗೊತ್ತೇ? ಇದೇ ಮೈಲುತುತ್ತು! ಛಾಯಾಚಿತ್ರದ ಫಲಕದಲ್ಲಿ ಚುಕ್ಕೆಗಳು ಮೂಡಿದವು.

ಚುಕ್ಕೆ ಮೂಡಿದರೆ ಸಾಕೇ? ಓದಲು ಬರಬೇಡವೇ? ಅಡುಗೆ ಉಪ್ಪಿನಂತಹ ಸುಲಭದ ಹರಳನ್ನು ಇಂಗ್ಲೆಂಡಿನ ಬ್ರಾಗ್ ತಂದೆ ಮಕ್ಕಳು ಬೇಗನೆ ಓದಿಬಿಟ್ಟರು. ಮೈಲುತುತ್ತು 22 ವರ್ಷ ಕಾಯಬೇಕಾಯಿತು. 1934ರಲ್ಲಿ ಅಲ್ಲಿಯವರೇ ಆದ ಬೀವರ್ಸ್ ಮತ್ತು ಲಿಪ್ಸನ್ ಎಂಬ ಇಬ್ಬರು ತರುಣರು ಯಾವ ಚುಕ್ಕೆ ಎಷ್ಟು ಗಾಢ ಎಂಬುದರಿಂದ ಲೆಕ್ಕ ಹಾಕುತ್ತ ಹೋದರು. ಇಂದಿನಂತಹ ಕಂಪ್ಯೂಟರ್ ಆಗ ಇರಲಿಲ್ಲ. ಕೂಡುವ ಕೆಲಸ ಹಗುರಾಗಲೆಂದು ಅವರು ಮುಂದೆ ಅಂಕಿಗಳಿರುವ ಕಾಗದದ ಪಟ್ಟಿಗಳನ್ನೇ ಮಾಡಿಕೊಂಡರು. ನನಗಂತೂ ಲಾವೆಯವರ ಯೋಚನೆಗಿಂತ ಇವರ ತಾಳ್ಮೆಯೇ ಹೆಚ್ಚಿನದೆನಿಸುತ್ತದೆ.

ಕೊನೆಗೆ ಉತ್ತರ ಸಿಕ್ಕಿತು. ನೀರಿನ ನಾಲ್ಕು ಅಣುಗಳು ತಾಮ್ರದ ಸುತ್ತ ನಾಲ್ಕು ಮೂಲೆ ಹಿಡಿದು ಕುಳಿತಿವೆ. ಐದನೆಯದು ತಾಮ್ರಕ್ಕೆ ಅಂಟಿಕೊಂಡೇ ಇಲ್ಲ! ಅದು ಒಂದು ಕಡೆ ಗಂಧಕ ಮತ್ತು ಆಮ್ಲಜನಕದ ಗುಂಪನ್ನು, ಇನ್ನೊಂದು ಕಡೆ ನೆರೆಯ ನೀರನ್ನು ಹಿಡಿದುಕೊಂಡು ನಡುವೆ ನಿಂತಿದೆ.